ಗಟ್ಟಿ ಕಲ್ಲು, ಬಿಡುವ ಡಾಂಬರು: ತುಮಕೂರು ಸೀಮೆಯ ರಸ್ತೆಗಳಿಗೆ ನೀರಿನ ಪರೀಕ್ಷೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ರಸ್ತೆಗಳಿಗೆ ಬೀಳುವ ಜಲ್ಲಿ ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆಯದು. ಸುತ್ತಿಗೆಗೆ ಸುಲಭಕ್ಕೆ ಬಗ್ಗದ ಕಲ್ಲು. ಆದರೆ ಸಿಲಿಕಾ ಹೆಚ್ಚಿರುವ ಇಂಥ ಕಲ್ಲಿನ ಮೈಗೆ ಡಾಂಬರಿಗಿಂತ ನೀರಿನ ಮೇಲೇ ಒಲವು ಜಾಸ್ತಿ. ಸುಣ್ಣಕಲ್ಲಿಗೆ ಈ ಗುಣ ಅಷ್ಟಿಲ್ಲ. ಮಳೆನೀರು ಒಳಗಿಳಿದರೆ ಕಲ್ಲಿಗೂ ಲೇಪಕ್ಕೂ ನಡುವೆ ನುಸುಳುತ್ತದೆ. ಲಾರಿಯ ಚಕ್ರ ಹಾದಾಗಲೆಲ್ಲ ಸಂದಿಯಲ್ಲಿನ ನೀರು ಒತ್ತಡಕ್ಕೆ ಸಿಕ್ಕಿ ಲೇಪವನ್ನು ಇನ್ನಷ್ಟು ಬಿಡಿಸುತ್ತದೆ. ಮೊದಲು ಜಲ್ಲಿ ಏಳುತ್ತದೆ, ಆಮೇಲೆ ಗುಂಡಿ. (ಜನ ಡಾಂಬರು ಎನ್ನುವುದು ಇಂದು ಪೆಟ್ರೋಲಿಯಂನಿಂದ ಬರುವ ಬಿಟುಮೆನ್, ನಿಜವಾದ ಟಾರು ಕಲ್ಲಿದ್ದಲಿನದು.)

ಹಳೆಯ ರಸ್ತೆಗೆ ನೀರು ಶತ್ರುವಾಗಿರಲಿಲ್ಲ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಸಂಸ್ಥಾನದ ಹೆದ್ದಾರಿಗಳು ರೂಪುಗೊಂಡವು. ಆಗ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಆಗಿ ತುಮಕೂರಿನಲ್ಲಿದ್ದ ಡಾಬ್ಸ್ ಎಂಬ ಅಧಿಕಾರಿಯ ಹೆಸರನ್ನು ಡಾಬಸ್‌ಪೇಟೆ ಇಂದಿಗೂ ಹೊತ್ತುಕೊಂಡಿದೆ. ಜಲ್ಲಿ ಹರಡಿ, ಸಂದಿಗೆ ಗರಸು ತುಂಬಿ, ನೀರು ಹೊಯ್ದು ದಮ್ಮಸು ಮಾಡುವ ಮೆಕಡಮ್ ರಸ್ತೆಯಲ್ಲಿ ನೀರೇ ಅಂಟು. ಎತ್ತಿನ ಗಾಡಿಗೆ ಅಷ್ಟು ಸಾಕಾಗಿತ್ತು.

ಮೋಟಾರು ಬಂದ ಮೇಲೆ ಆ ಅಂಟು ಧೂಳಾಯಿತು. ದೇಶದ ರಸ್ತೆಗಳನ್ನು ಸುಧಾರಿಸುವ ಬಗೆ ಹೇಳಲು 1927ರಲ್ಲಿ ನೇಮಕವಾದ ಜಯಕರ್ ಸಮಿತಿ ಮರುವರ್ಷ ವರದಿ ಕೊಟ್ಟಿತು. 1934ರಲ್ಲಿ ರಸ್ತೆ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ತುಮಕೂರಿನ ಮೂಲಕ ಪುಣೆಗೆ ಹೋಗುವ ದಾರಿ, ಕುಣಿಗಲ್ ಮೂಲಕ ಮಂಗಳೂರಿಗೆ ಹೋಗುವ ದಾರಿ, ಗುಬ್ಬಿ ಮೂಲಕ ಹೊನ್ನಾವರಕ್ಕೆ ಹೋಗುವ ದಾರಿ ಮುಂದೆ ರಾಷ್ಟ್ರೀಯ ಹೆದ್ದಾರಿಗಳಾದವು. 4, 48, 206 ಎಂಬ ಹಳೆಯ ನಂಬರುಗಳು 2010ರ ಮರುಸಂಖ್ಯೆಯ ನಂತರವೂ ಜನರ ಬಾಯಲ್ಲಿ ಉಳಿದಿವೆ. ಮೂರೂ ದಾರಿಗಳ ಮೇಲೆ ಡಾಂಬರು ಬಂತು.

ಜಲ್ಲಿ ಎಷ್ಟು ಸವೆಯುತ್ತದೆ, ಪೆಟ್ಟಿಗೆ ಎಷ್ಟು ಪುಡಿಯಾಗುತ್ತದೆ ಎಂದು ನೋಡುವ ಪರೀಕ್ಷೆಗಳಲ್ಲಿ ಈ ಸೀಮೆಯ ಕಲ್ಲಿಗೆ ಭಯವಿಲ್ಲ. ಅದರ ದೌರ್ಬಲ್ಯ ಹೊರಬೀಳುವುದು ನೀರಿನಲ್ಲಿ. ಅದನ್ನು ಅಳೆಯಲು ಭಾರತೀಯ ಮಾನಕ ಸಂಸ್ಥೆ 1971ರಲ್ಲಿ ಐಎಸ್ 6241 ಎಂಬ ಮಾನಕ ಹೊರತಂದಿತು. ವಿಧಾನ ಅಡುಗೆಮನೆಯಷ್ಟೇ ಸರಳ: 20 ಮಿ.ಮೀ. ಜರಡಿಯಲ್ಲಿ ಇಳಿದು 12.5 ಮಿ.ಮೀ. ಜರಡಿಯಲ್ಲಿ ನಿಂತ 200 ಗ್ರಾಂ ಜಲ್ಲಿಯನ್ನು 150 ಡಿಗ್ರಿಗೆ ಕಾಯಿಸಿ, ತೂಕದ ಶೇ. 5ರಷ್ಟು ಬಿಸಿ ಬಿಟುಮೆನ್ ಹಾಕಿ, ಪ್ರತಿ ಕಲ್ಲೂ ಕರಿ ಬಳಿದುಕೊಳ್ಳುವಂತೆ ಕಲಸಬೇಕು. ಸುಮಾರು ಎರಡು ಗಂಟೆ ಆರಿದ ಮೇಲೆ ಬೀಕರಿನಲ್ಲಿ ಭಟ್ಟಿ ಇಳಿಸಿದ ನೀರು ಹೊಯ್ದು, 40 ಡಿಗ್ರಿಯಲ್ಲಿ 24 ಗಂಟೆ ಇಡಬೇಕು. ಕಲ್ಲು ನೀರಿನಲ್ಲಿರುವಾಗಲೇ, ಎಷ್ಟು ಭಾಗ ಬೋಳಾಗಿದೆ ಎಂದು ಕಣ್ಣಳತೆಯಲ್ಲಿ ಹೇಳಬೇಕು. ಶೇ. 95ರಷ್ಟಾದರೂ ಲೇಪ ಉಳಿದಿರಬೇಕು ಎಂಬುದು ಹೆದ್ದಾರಿ ಇಲಾಖೆಯ ನಿಯಮ. ಕಣ್ಣು ನೋಡುವವರಿಗೆ ತಕ್ಕಂತೆ ಬದಲಾಗುತ್ತದೆ ಎಂಬುದೇ ಇದರ ದೊಡ್ಡ ಕೊರತೆ. ತುಂಬಿದ ಲಾರಿಯ ಭಾರವಂತೂ ಬೀಕರಿಗೆ ಗೊತ್ತೇ ಇಲ್ಲ.

ಈ ಕೊರತೆ ನೀಗಿಸುವ ದಾರಿ ಅಮೆರಿಕದಿಂದ ಬಂತು. 1970ರ ದಶಕದ ಕೊನೆಯಲ್ಲಿ ಲಾಟ್‌ಮನ್ ಎಂಬ ಸಂಶೋಧಕ ರೂಪಿಸಿದ ವಿಧಾನ ತಿದ್ದುಪಡಿಯಾಗಿ, ಅಲ್ಲಿನ ಹೆದ್ದಾರಿ ಅಧಿಕಾರಿಗಳ ಸಂಘವಾದ ಆಶ್ಟೊದ ಟಿ 283 ಮಾನಕವಾಗಿ ನೆಲೆಗೊಂಡಿತು. ಇಲ್ಲಿ ಪರೀಕ್ಷೆಗೊಳಗಾಗುವುದು ಬಿಡಿ ಜಲ್ಲಿಯಲ್ಲ, ರಸ್ತೆಗೆ ಹಾಕುವ ಮಿಶ್ರಣವೇ. ಸುಮಾರು ಶೇ. 7ರಷ್ಟು ಗಾಳಿ ಉಳಿಯುವಂತೆ ಕುಟ್ಟಿದ ಬಿಲ್ಲೆಗಳನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪು ಒಣಗಿಯೇ ಇರುತ್ತದೆ. ಇನ್ನೊಂದಕ್ಕೆ ನಿರ್ವಾತದಲ್ಲಿ ನೀರು ಕುಡಿಸಿ, ಮೈನಸ್ 18 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ, ಬಳಿಕ 60 ಡಿಗ್ರಿ ನೀರಿನಲ್ಲಿ ಒಂದು ದಿನ ಇಡುತ್ತಾರೆ. ತುಮಕೂರಿನಲ್ಲಿ ಹಿಮ ಬೀಳುವುದಿಲ್ಲ ನಿಜ; ವರ್ಷಗಳ ಹೊಡೆತವನ್ನು ಎರಡು ಮೂರು ದಿನಕ್ಕೆ ಇಳಿಸುವ ಉಪಾಯವೆಂದೇ ಇದನ್ನು ತೆಗೆದುಕೊಳ್ಳಬೇಕು. ಆಮೇಲೆ ಬಿಲ್ಲೆಯನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿ ಸೀಳುತ್ತಾರೆ. ಕೇಂದ್ರ ಹೆದ್ದಾರಿ ಸಚಿವಾಲಯದ 2013ರ ನಿರ್ದಿಷ್ಟತೆಯಂತೆ ನೆನೆದ ಬಿಲ್ಲೆಯ ಬಲ ಒಣಗಿದ್ದರ ಶೇ. 80ಕ್ಕಿಂತ ಕಡಿಮೆ ಇರಕೂಡದು.

ಕಡಿಮೆ ಬಂದರೆ ಸುಣ್ಣದ ಪುಡಿ ಬೆರೆಸುವುದು ಹಳೆಯ ಮದ್ದು. ಸುಣ್ಣ ಗ್ರಾನೈಟಿನ ಮೈಯನ್ನು ಡಾಂಬರಿಗೆ ಒಗ್ಗಿಸುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಿ.ಇ.ಜಿ. ಜಸ್ಟೊ ಮತ್ತು ಎ. ವೀರರಾಘವನ್ 2002ರ ವರದಿಯಲ್ಲಿ ಇನ್ನೊಂದು ದಾರಿ ತೋರಿದರು. ಸಂಸ್ಕರಿಸಿದ ಪ್ಲಾಸ್ಟಿಕ್ ಚೀಲ ಬೆರೆಸಿದಾಗ ಮಿಶ್ರಣದ ಮಾರ್ಷಲ್ ಬಲ (ಬಿಸಿಯಲ್ಲಿ ಒತ್ತಿದಾಗ ಬಿಲ್ಲೆ ತಾಳುವ ಭಾರ) ಎರಡು ಮೂರು ಪಟ್ಟು ಏರಿತು, ನೀರಿನಲ್ಲಿ ನೆನೆದರೂ ಹೆಚ್ಚು ಹೊತ್ತು ತಾಳಿತು.

ಯಂತ್ರ ಅಂಕಿ ಕೊಟ್ಟ ಮೇಲೂ ಒಂದು ಕೆಲಸ ಉಳಿಯುತ್ತದೆ: ಸೀಳಿದ ಬಿಲ್ಲೆಯ ಒಳಮುಖದಲ್ಲಿ ಬೋಳಾದ ಕಲ್ಲು ಎಷ್ಟು ಕಾಣುತ್ತಿದೆ ಎಂದು ನೋಡಿ ಬರೆದುಕೊಳ್ಳುವುದು. ಅದು ಇವತ್ತಿಗೂ ಕಣ್ಣಳತೆಯೇ.