ಕೈಗೊಂಬೆಯ ಉಸಿರು

ಇನ್ನೊಬ್ಬರು ಕುಣಿಸಿದಂತೆ ಕುಣಿಯುವವರನ್ನು ‘ಅವರ ಕೈಗೊಂಬೆ’ ಎಂದು ನಾವು ಹಗುರವಾಗಿ ಆಡಿಕೊಳ್ಳುತ್ತೇವೆ. ನಿಜವಾದ ಕೈಗೊಂಬೆಯನ್ನು ಒಮ್ಮೆಯಾದರೂ ಕೈಗೆ ಹಾಕಿಕೊಂಡವರು ಹಾಗೆ ಅನ್ನಲಾರರು. ಕೈ ಹೇಳಿದಂತೆ ಗೊಂಬೆ ಕೇಳಬೇಕಾದರೆ, ಮೊದಲು ಗೊಂಬೆ ಹೇಳಿದಂತೆ ಕೈ ಕೇಳಬೇಕು.

ನಮ್ಮ ಕಡೆ ಗೊಂಬೆಯಾಟವೆಂದರೆ ಉಪ್ಪಿನಕುದ್ರುವಿನ ಯಕ್ಷಗಾನ ಬೊಂಬೆಗಳಂತಹ ಸೂತ್ರದ ಗೊಂಬೆ, ಇಲ್ಲವೆ ಪರದೆಯ ಹಿಂದೆ ದೀಪವಿಟ್ಟು ಆಡಿಸುವ ತೊಗಲುಗೊಂಬೆ. ಕೈಯನ್ನೇ ಗೊಂಬೆಯ ಮೈಯಾಗಿಸುವ ಕಲೆಯನ್ನು ತಿಳಿಯಲು ನೆರೆಯ ಕೇರಳಕ್ಕೆ ಹೋಗಬೇಕು. ಅಲ್ಲಿ ಅದರ ಹೆಸರು ಪಾವಕಥಕಳಿ. ‘ಪಾವ’ ಎಂದರೆ ಮಲಯಾಳದಲ್ಲಿ ಗೊಂಬೆ. 18ನೇ ಶತಮಾನದಲ್ಲಿ ಕಥಕಳಿಯ ಪ್ರಭಾವದಿಂದ ಇದು ಇಂದಿನ ರೂಪ ಪಡೆಯಿತು. ಗೊಂಬೆಯ ಎತ್ತರ ಒಂದರಿಂದ ಎರಡು ಅಡಿ. ತಲೆ, ತೋಳುಗಳು ಮರದವು. ಅವನ್ನು ಕೂಡಿಸುವುದು ಚೀಲದಂತೆ ಹೊಲಿದ ದಪ್ಪ ಬಟ್ಟೆ. ಬಣ್ಣ, ಹೊಂಬಣ್ಣದ ತಗಡಿನ ಚೂರು, ನವಿಲುಗರಿಗಳಿಂದ ಕಥಕಳಿಯ ಪೂರ್ಣ ಸಿಂಗಾರ.

ಕೈಗೊಂಬೆಗೆ ಜೀವ ಬರಿಸುವ ಮೊದಲ ಪಾಠ ಬೆರಳುಗಳದು. ತೋರುಬೆರಳು ತಲೆಗೆ, ಹೆಬ್ಬೆರಳು ಮತ್ತು ನಡುಬೆರಳು ಎರಡು ತೋಳುಗಳಿಗೆ. ಮಣಿಕಟ್ಟೇ ಸೊಂಟ. ಬೆರಳು ಬಾಗಿದರೆ ತಲೆದೂಗು, ಮಣಿಕಟ್ಟು ಬಾಗಿದರೆ ನಮಸ್ಕಾರ. ಮುಂದೋಳು ನೆಟ್ಟಗಿರಬೇಕು, ಇಲ್ಲವಾದರೆ ಗೊಂಬೆ ಒಂದು ಕಡೆಗೆ ವಾಲುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಒಂದಿಷ್ಟು ಏರಿಳಿತ ಬೇಕು. ಸುಮ್ಮನೆ ಸರಿಸಿದರೆ ಅದು ನಡೆದಂತಲ್ಲ, ತೇಲಿದಂತೆ.

ಎರಡನೆಯ ಪಾಠ ನೋಟದ್ದು. ಪಾವಕಥಕಳಿಯಲ್ಲಿ ಆಡಿಸುವವರು ಮರೆಯಲ್ಲಿರುವುದಿಲ್ಲ. ದೀಪದ ಹಿಂದೆ ನೆಲದ ಮೇಲೆ, ಎಲ್ಲರಿಗೂ ಕಾಣುವಂತೆ ಕುಳಿತಿರುತ್ತಾರೆ. ಚೆಂಡೆ, ಚೇಂಗಿಲ, ಇಲತ್ತಾಳ ನುಡಿಯುತ್ತಿರುವಾಗ ಗೊಂಬೆಯ ಭಾವ ಅವರ ಮುಖದಲ್ಲೂ ಮೂಡುತ್ತದೆ. ಆದರೂ ನಮ್ಮ ಕಣ್ಣು ಗೊಂಬೆಯನ್ನು ಬಿಟ್ಟು ಕದಲುವುದಿಲ್ಲ. ಏಕೆಂದರೆ ಅವರ ದೃಷ್ಟಿಯೂ ಗೊಂಬೆಯ ಮೇಲೆಯೇ ನೆಟ್ಟಿರುತ್ತದೆ.

ಪಾಲಕ್ಕಾಡ್ ಜಿಲ್ಲೆಯ ಪರುತ್ತಿಪ್ಪುಳ್ಳಿಯ ಆಂಡಿ ಪಂಡಾರಂ ಮನೆತನಗಳು ಈ ಕಲೆಯನ್ನು ಉಳಿಸಿಕೊಂಡು ಬಂದಿದ್ದವು. 20ನೇ ಶತಮಾನದ ನಡುವಿನ ಹೊತ್ತಿಗೆ ಆಟ ಹೆಚ್ಚುಕಡಿಮೆ ನಿಂತೇಹೋಯಿತು. ಆಗ ಇದರ ಮೇಲೆ ಕಣ್ಣಿಟ್ಟವರಲ್ಲಿ 1903ರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಒಬ್ಬರು. ಅವರ ಪ್ರೋತ್ಸಾಹದಿಂದ ಇರಿಂಜಾಲಕುಡದ ನಟನಕೈರಳಿ ಸಂಸ್ಥೆಯ ಜಿ. ವೇಣು ಅವರು 1980ರ ದಶಕದಲ್ಲಿ ಅದೇ ಮನೆತನದವರನ್ನು ಸೇರಿಸಿಕೊಂಡು ಪಾವಕಥಕಳಿಗೆ ಮರುಹುಟ್ಟು ಕೊಟ್ಟರು. ‘ಕಲ್ಯಾಣಸೌಗಂಧಿಕ’ದ ಭೀಮ, ಹನುಮಂತರು ಮತ್ತೆ ದೀಪದ ಮುಂದೆ ಬಂದರು.

ಗೊಂಬೆಯನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು, ಕೈಯನ್ನು ಹಾಗೆ ಇಡಲಾಗದು. ಹಿರಿಯರ ಕೈ ಕಿರಿಯರ ಕೈಗೆ ಕಲಿಸದೆ ಹೋದರೆ, ಎಷ್ಟೇ ಚೆಂದದ ಗೊಂಬೆಯಾದರೂ ಕೆತ್ತಿದ ಮರವಷ್ಟೇ. ಪರುತ್ತಿಪ್ಪುಳ್ಳಿಯ ಕಥೆಯಲ್ಲಿ ನನ್ನನ್ನು ತಟ್ಟಿದ್ದು ಇದೇ. ಇನ್ನೊಂದು ತಲೆಮಾರು ತಡವಾಗಿದ್ದರೆ ಕಲಿಸುವ ಕೈ ಎಲ್ಲಿತ್ತು?

ನಾನು ತರಗತಿಯಲ್ಲಿ ಹಳೆಯ ಕಾಲುಚೀಲಕ್ಕೆ ಗುಂಡಿಯ ಕಣ್ಣು ಹೊಲಿದು ಪಾಠಕ್ಕೆ ಬಳಸುವವಳು. ಗೊಂಬೆ ಕೈಗೆ ಬಂದೊಡನೆ ಮಕ್ಕಳು ಅದನ್ನು ಎಡೆಬಿಡದೆ ಅಲ್ಲಾಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ತೋಳು ಸೋತು ಗೊಂಬೆ ಮೇಜಿನ ಹಿಂದೆ ಇಳಿಯುತ್ತದೆ, “ಟೀಚರ್, ಅದು ಮುಳುಗ್ತಿದೆ!” ಎಂದು ಮುಂದೆ ಕುಳಿತವರು ಕೂಗುತ್ತಾರೆ. ಆಗ ನಾನು ಹೇಳಿಕೊಡುವುದು ಒಂದೇ: ಎದುರಿನ ಗೊಂಬೆ ಮಾತಾಡುವಾಗ ನಿನ್ನದು ಸುಮ್ಮನಿದ್ದು ಅದರ ಮುಖ ನೋಡಲಿ. ಹಾಗೆ ಮಾಡಿದ ಕೂಡಲೇ ಆ ಕಾಲುಚೀಲಕ್ಕೆ ಕಿವಿ ಬಂದಂತಾಗುತ್ತದೆ. ಕುಣಿತಕ್ಕಿಂತ ಮೊದಲು ಗೊಂಬೆಗೆ ಜೀವ ಬರುವುದು ಹೀಗೆ ಕೇಳಿಸಿಕೊಳ್ಳುವುದರಲ್ಲಿ.