ಆಫೀಸ್ ಇಂಟರ್ನೆಟ್ ಬಳಕೆಗೆ ನಿಯಮ ಬರೆದಿಟ್ಟಿದ್ದೀರಾ? ಮಾಲೀಕರು, ನೌಕರರು ತಿಳಿಯಬೇಕಾದ ಅಂಶಗಳಿವು

ಹೈದರಾಬಾದ್: ಶಂಶಾಬಾದ್‌ನಲ್ಲಿ 2008ರ ಮಾರ್ಚ್‌ನಲ್ಲಿ ರಾಜೀವ್ ಗಾಂಧಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಸುತ್ತಮುತ್ತ ಸರಕು ಸಾಗಣೆ ಕಚೇರಿ, ಗೋದಾಮು, ಹೋಟೆಲ್, ಟ್ರಾವೆಲ್ಸ್‌ಗಳು ಬೆಳೆದಿವೆ. ಇಂಥ ವ್ಯವಹಾರಗಳಲ್ಲಿ ಬುಕಿಂಗ್, ಬಿಲ್, ಪೇಮೆಂಟ್ ಹೆಚ್ಚಾಗಿ ಇಮೇಲ್, ವಾಟ್ಸಾಪ್‌ನಲ್ಲೇ ನಡೆಯುತ್ತವೆ. ಆದರೆ ಇಂಟರ್ನೆಟ್ ಬಳಕೆಯ ನಿಯಮ ಬಾಯಿಮಾತಿನಲ್ಲೇ ಉಳಿದರೆ, ಎಡವಟ್ಟಾದ ದಿನ ಮಾಲೀಕರಿಗೆ ನಷ್ಟ, ನೌಕರರ ಕೆಲಸಕ್ಕೆ ಕುತ್ತು. ಹಾಗಾದರೆ ಲಿಖಿತ ನಿಯಮದಲ್ಲಿ ಏನಿರಬೇಕು? ಇಲ್ಲಿದೆ ಮಾಹಿತಿ.

ಕಾನೂನು ಏನು ಹೇಳುತ್ತದೆ?

ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್‌ನಿಂದ ಡೇಟಾ ನಕಲು ಮಾಡಿಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43ರ ಉಲ್ಲಂಘನೆ. ವಂಚನೆಯ ಉದ್ದೇಶವಿದ್ದರೆ ಸೆಕ್ಷನ್ 66ರಡಿ 3 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ, ಗ್ರಾಹಕರ ಮಾಹಿತಿಗೆ ಸೂಕ್ತ ಭದ್ರತೆ ನೀಡದ ಸಂಸ್ಥೆಗೆ 250 ಕೋಟಿ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳ ಬಳಿಕ ಜಾರಿಗೆ ಬರಲಿವೆ.

ನಿಯಮದಲ್ಲಿ ಏನೇನಿರಬೇಕು?

* ಸ್ವಂತ ಬಳಕೆ: ಊಟದ ಬಿಡುವಿನಲ್ಲಿ ಸುದ್ದಿ ಓದುವುದು, ಬ್ಯಾಂಕ್ ಕೆಲಸ ಮಾಡುವುದಕ್ಕೆ ಅವಕಾಶವಿದೆಯೇ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಪೂರ್ತಿ ನಿಷೇಧ ಹೇರಿದರೆ ಪಾಲನೆ ಕಷ್ಟ.
* ಗ್ರಾಹಕರ ದಾಖಲೆ: ಪಾಸ್‌ಪೋರ್ಟ್, ಆಧಾರ್ ಪ್ರತಿಗಳನ್ನು ಸ್ವಂತ ಮೊಬೈಲ್ ಅಥವಾ ಸ್ವಂತ ಇಮೇಲ್‌ನಲ್ಲಿ ಇಟ್ಟುಕೊಳ್ಳುವಂತಿಲ್ಲ.
* ಹಣ ಪಾವತಿ: 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂಬ ಇಮೇಲ್ ಬಂದರೆ, ಅದರಲ್ಲಿರುವ ನಂಬರ್‌ಗೆ ಅಲ್ಲ, ಮೊದಲಿನಿಂದ ಗೊತ್ತಿರುವ ನಂಬರ್‌ಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ದೊಡ್ಡ ಮೊತ್ತಕ್ಕೆ ಇಬ್ಬರ ಒಪ್ಪಿಗೆ ಇರಲಿ.
* ಎಐ ಬಳಕೆ: ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲೇ ಕಚೇರಿ ಕಂಪ್ಯೂಟರ್‌ಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥ ಟೂಲ್‌ಗಳನ್ನು ಬಳಸದಂತೆ ತನ್ನ ಸಿಬ್ಬಂದಿಗೆ ಸೂಚಿಸಿತ್ತು. ಖಾಸಗಿ ಕಚೇರಿಗಳು ಕನಿಷ್ಠ ಯಾವ ಮಾಹಿತಿಯನ್ನು ಅವುಗಳಿಗೆ ಹಾಕಬಾರದು ಎಂದಾದರೂ ತಿಳಿಸಬೇಕು.
* ಕೆಲಸ ಬಿಟ್ಟಾಗ: ಅದೇ ದಿನ ಪಾಸ್‌ವರ್ಡ್ ಬದಲಿಸಿ, ವಾಟ್ಸಾಪ್ ಗ್ರೂಪ್‌ಗಳಿಂದ ತೆಗೆಯಬೇಕು.

ನೌಕರರ ಮೇಲೆ ನಿಗಾ ಇಡಬಹುದೇ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ನೀಡಿದೆ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇನ್ನೊಂದೆಡೆ, ಸಂಸ್ಥೆಯನ್ನು ನಷ್ಟದಿಂದ ಕಾಪಾಡಲು ನೌಕರರ ದತ್ತಾಂಶ ಬಳಸುವುದಕ್ಕೆ 2023ರ ಕಾಯ್ದೆಯ ಸೆಕ್ಷನ್ 7 ಅವಕಾಶ ನೀಡುತ್ತದೆ. ಹಾಗಾಗಿ ಏನನ್ನು, ಏಕೆ ಗಮನಿಸಲಾಗುತ್ತದೆ, ಯಾರು ನೋಡುತ್ತಾರೆ ಎಂಬುದನ್ನು ಮೊದಲೇ ತಿಳಿಸುವುದು ಇಬ್ಬರಿಗೂ ಕ್ಷೇಮ. ಕದ್ದು ನೋಡುವುದು ವಿವಾದಕ್ಕೆ ದಾರಿ.

ವಂಚನೆ ನಡೆದರೆ ಏನು ಮಾಡಬೇಕು?

ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕ್‌ಗೂ ತಿಳಿಸಿ. ಹ್ಯಾಕಿಂಗ್, ಡೇಟಾ ಸೋರಿಕೆಯಂಥ ಘಟನೆಗಳನ್ನು ಕಂಪನಿಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ. ತಪ್ಪಾಗಿ ಲಿಂಕ್ ಒತ್ತಿದ್ದನ್ನು ಕೂಡಲೇ ಹೇಳಿಕೊಂಡ ನೌಕರರಿಗೆ ಶಿಕ್ಷೆ ಇಲ್ಲ ಎಂದು ನಿಯಮದಲ್ಲೇ ಬರೆಯುವುದು ಒಳಿತು. ಕೆಲಸ ಹೋಗುವ ಭಯದಲ್ಲಿ ವಿಷಯ ಮುಚ್ಚಿಟ್ಟರೆ ಆ 6 ಗಂಟೆ ಕೈತಪ್ಪುತ್ತದೆ.

ನಿಯಮ ಒಂದೆರಡು ಪುಟ ಮೀರದಿರಲಿ. ತೆಲುಗು, ಹಿಂದಿ, ಕನ್ನಡ ಹೀಗೆ ಸಿಬ್ಬಂದಿ ಓದಬಲ್ಲ ಭಾಷೆಯಲ್ಲಿ ಕೊಟ್ಟು, ವಿವರಿಸಿದ ನಂತರವೇ ಸಹಿ ಪಡೆಯಿರಿ. ನೌಕರರೂ ಸಹಿ ಮಾಡಿದ ಪ್ರತಿಯೊಂದನ್ನು ಕೇಳಿ ಇಟ್ಟುಕೊಳ್ಳಬೇಕು.