ಕಾಲ್ಚೆಂಡಾಟದ ಸೋಪಾನವೂ ಕೊನೆಯ ದಿನವೂ

ಕಾಲ್ಚೆಂಡಾಟದಲ್ಲಿ ಪಂದ್ಯಗಳನ್ನು ಏರ್ಪಡಿಸುವ ಕ್ರಮಗಳು ಮುಖ್ಯವಾಗಿ ಎರಡು. ಬಟ್ಟಲಿಗಾಗಿ ನಡೆಯುವ ಪಂದ್ಯಾವಳಿಯು ಮೊದಲನೆಯದು. ಅದರಲ್ಲಿ ಸೋತವರು ಅಂದೇ ಊರಿಗೆ ಹಿಂದಿರುಗುವರು. ಗೆದ್ದವರು ಮುಂದಿನ ಸುತ್ತಿಗೆ ನಡೆಯುವರು. ಲೀಗ್ ಎಂಬುದು ಎರಡನೆಯದು. ಇದರಲ್ಲಿ ಪ್ರತಿಯೊಂದು ತಂಡವೂ ಉಳಿದ ತಂಡಗಳೆಲ್ಲದರೊಡನೆಯೂ ಆಡತಕ್ಕದ್ದು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು, ಸೋತರೆ ಸೊನ್ನೆ. ಹೀಗೆ ತಿಂಗಳುಗಟ್ಟಲೆ ಕೂಡುತ್ತ ಬಂದ ಲೆಕ್ಕವು ಕೊನೆಯ ದಿನದ ಸಂಜೆ ಎರಡು ಗಂಟೆಯ ಕಾಲದೊಳಗೆ ಇತ್ಯರ್ಥವಾಗುವುದು. ಅಂದು ಮೇಲಿನ ಸ್ಥಾನಕ್ಕಾಗಿ ಹೋರಾಡುವವರಿಗೂ, ಕೆಳಕ್ಕೆ ಬೀಳದಿರಲು ಹೆಣಗುವವರಿಗೂ ಒಂದೇ ಬಗೆಯ ಆತಂಕ. ಈ ಆತಂಕವು ಆಟದ ಸಹಜಗುಣವೆಂದೇ ಬಹುಮಂದಿಯ ಭಾವನೆ. ಚರಿತ್ರೆಯನ್ನು ನೋಡಿದರಾದರೋ, ಅದು ಒಂದು ವ್ಯವಸ್ಥೆಯ ಫಲವೆಂದೂ, ಆ ವ್ಯವಸ್ಥೆಯಿಲ್ಲದ ಕಡೆ ಕೊನೆಯ ದಿನವು ಅರ್ಧ ಸತ್ತಂತೆಯೇ ಎಂದೂ ತಿಳಿದುಬರುತ್ತದೆ.

2023ನೆಯ ಇಸವಿ ಫೆಬ್ರವರಿ 23ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಪಂದ್ಯವು ಇದಕ್ಕೆ ಒಳ್ಳೆಯ ನಿದರ್ಶನ. ಇಂಡಿಯನ್ ಸೂಪರ್ ಲೀಗಿನ ಆ ವರ್ಷದ ನಿಯಮವು ಹೀಗಿದ್ದಿತು: ತಂಡಗಳು ಹನ್ನೊಂದು; ತಂಡವೊಂದಕ್ಕೆ ಇಪ್ಪತ್ತು ಪಂದ್ಯ. ಮೊದಲ ಎರಡು ಸ್ಥಾನದವರು ನೇರವಾಗಿ ಉಪಾಂತ್ಯಕ್ಕೆ ಹೋಗುವರು. ಮೂರರಿಂದ ಆರನೆಯ ಸ್ಥಾನದವರೆಗಿನ ನಾಲ್ವರು ಪ್ಲೇ-ಆಫ್ ಎಂಬ ಅರ್ಹತಾ ಪಂದ್ಯವನ್ನಾಡಿ, ಗೆದ್ದ ಇಬ್ಬರು ಒಳಸೇರಬೇಕು. ಏಳನೆಯವನಿಗೆ ಬಾಗಿಲು ಮುಚ್ಚಿದಂತೆ. ಅಂದು ಒಡಿಶಾದ ತಂಡವು ತನ್ನ ಪಂದ್ಯಗಳನ್ನೆಲ್ಲ ಮುಗಿಸಿ, 30 ಅಂಕಗಳೊಡನೆ ದೂರದಿಂದ ನೋಡುತ್ತ ಕುಳಿತಿದ್ದಿತು. ಗೋವಾ ತಂಡದ ಬಳಿ 27 ಅಂಕಗಳಿದ್ದವು. ಉಳಿದುದು ಬೆಂಗಳೂರಿನೊಡನೆ ಆಡಬೇಕಾದ ಈ ಒಂದು ಪಂದ್ಯ. ಗೆಲುವಲ್ಲದೆ ಬೇರಾವುದೂ ಗೋವೆಯವರಿಗೆ ಉಪಯೋಗಕ್ಕೆ ಬರುವಂತಿರಲಿಲ್ಲ.

ಬೆಂಗಳೂರಿನ ಸ್ಥಿತಿಯೋ ಬೇರೆ. ಆ ಋತುವಿನ ಮೊದಲ ಭಾಗದಲ್ಲಿ ಬಹಳ ಹಿಂದೆ ಬಿದ್ದಿದ್ದ ಆ ತಂಡವು ಹೊಸ ವರ್ಷದಲ್ಲಿ ಒಂದರ ಮೇಲೊಂದರಂತೆ ಏಳು ಪಂದ್ಯಗಳನ್ನು ಗೆದ್ದು, ಮೊದಲ ಆರರೊಳಗೆ ತನ್ನ ಸ್ಥಾನವನ್ನು ಭದ್ರಪಡಿಸಿಕೊಂಡಿದ್ದಿತು. ಆದಾಗ್ಯೂ ಆ ತಂಡವು ಅಂದು ಸಡಿಲವಾಗಿ ಆಡಲಿಲ್ಲ. ಏತಕ್ಕೆಂದರೆ, ನಾಲ್ಕನೆಯ ಸ್ಥಾನದವರಿಗೆ ಅರ್ಹತಾ ಪಂದ್ಯವನ್ನು ತಮ್ಮ ಊರಿನ ಮೈದಾನದಲ್ಲಿಯೇ ಆಡುವ ಅನುಕೂಲವಿದ್ದಿತು. ಐದನೆಯವರು ಪರಸ್ಥಳಕ್ಕೆ ಹೋಗಬೇಕಾಗಿದ್ದಿತು. ಶಿವಶಕ್ತಿ ನಾರಾಯಣನ್ ಎಂಬ ತರುಣನು ಎರಡು ಗೋಲುಗಳನ್ನು ಹೊಡೆದನು. ಬೆಂಗಳೂರು 3-1ರಿಂದ ಗೆದ್ದಿತು. ಗೋವೆಯು ಏಳನೆಯ ಸ್ಥಾನದಲ್ಲಿ ನಿಂತು ಹೊರಬಿದ್ದಿತು. ಆ ಸಂಜೆ ಮೈದಾನಕ್ಕೆ ಇಳಿಯದೆಯೇ ಒಡಿಶಾದವರು ಆರನೆಯವರಾಗಿ ಒಳಸೇರಿದರು. ಬೆಂಗಳೂರು 34 ಅಂಕಗಳೊಡನೆ ನಾಲ್ಕನೆಯದಾಯಿತು. ಮಾರ್ಚ್ 3ರಂದು ಕೇರಳದ ತಂಡವು ಬೆಂಗಳೂರಿಗೆ ಬರಬೇಕಾಯಿತು. ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೇತ್ರಿಯು, ಎದುರಾಳಿಗಳು ಇನ್ನೂ ಅಣಿಯಾಗುವ ಮೊದಲೇ ಫ್ರೀ ಕಿಕ್ಕನ್ನು ಹೊಡೆದು ಗೋಲನ್ನು ಸಾಧಿಸಿದುದೂ, ಅದನ್ನು ಒಪ್ಪದೆ ಕೇರಳದವರು ಮೈದಾನವನ್ನೇ ಬಿಟ್ಟು ನಡೆದುದೂ ವಾಚಕರ ನೆನಪಿನಲ್ಲಿರಬಹುದು. ಬೆಂಗಳೂರು ಅಂತಿಮ ಪಂದ್ಯದವರೆಗೆ ಸಾಗಿ, ಮಾರ್ಚ್ 18ರಂದು ಗೋವೆಯ ಫಾತೋರ್ಡದಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ತಂಡಕ್ಕೆ ಪೆನಾಲ್ಟಿ ಹೊಡೆತಗಳಲ್ಲಿ ಸೋತಿತು.

ಅದೇ ಪಟ್ಟಿಯ ಕೆಳತುದಿಯನ್ನು ಈಗ ನೋಡಬೇಕು. ಅಲ್ಲಿದ್ದುದು ಈಶಾನ್ಯ ಭಾರತದ ನಾರ್ತ್ ಈಸ್ಟ್ ಯುನೈಟೆಡ್ ತಂಡ. ಇಪ್ಪತ್ತು ಪಂದ್ಯಗಳಲ್ಲಿ ಅದು ಗೆದ್ದುದು ಒಂದು, ಸಮಮಾಡಿಕೊಂಡುದು ಎರಡು. ಕೂಡಿದ ಅಂಕಗಳು ಐದು. ಆದರೂ ಮುಂದಿನ ವರ್ಷ ಆ ತಂಡವು ಅದೇ ಲೀಗಿನಲ್ಲಿಯೇ ಆಡಿತು. ಇದು ಆ ತಂಡದ ದೋಷವಲ್ಲ. ಕೆಳಕ್ಕೆ ಇಳಿಸುವ ನಿಯಮವೇ ಆ ಲೀಗಿನಲ್ಲಿರಲಿಲ್ಲ. ಆರನೆಯ ಸ್ಥಾನದಲ್ಲಿ ಜೀವವೇ ಹೋಗುವಂತಹ ಹೋರಾಟ ನಡೆಯುತ್ತಿರುವಾಗ, ಹನ್ನೊಂದನೆಯ ಸ್ಥಾನದಲ್ಲಿ ಯಾವ ಭಯವೂ ಇಲ್ಲ, ಯಾವ ಆಸೆಯೂ ಇಲ್ಲ. ಸೋಪಾನಕ್ಕೆ ಮೇಲಿನ ಮೆಟ್ಟಿಲುಗಳನ್ನು ಮಾತ್ರ ಕಟ್ಟಿ ಕೆಳಗಿನವನ್ನು ಕಟ್ಟದೆ ಬಿಟ್ಟರೆ ಹೇಗೋ ಹಾಗೆ.

ಈ ಸೋಪಾನಕ್ರಮವು ಮೊದಲು ಹುಟ್ಟಿದುದು ಇಂಗ್ಲೆಂಡಿನಲ್ಲಿ. 1888ರಲ್ಲಿ ಹನ್ನೆರಡು ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದವು. ಆಗ ಅದಕ್ಕೆ ಒಂದೇ ವರ್ಗ. ಕೊನೆಯಲ್ಲಿ ನಿಂತ ತಂಡಗಳು ಉಳಿದವರ ಮತಗಳನ್ನು ಬೇಡಿ ತಮ್ಮ ಸ್ಥಾನವನ್ನು ಉಳಿಸಿಕೊಳ್ಳಬೇಕಾಗಿದ್ದಿತು. 1892ರಲ್ಲಿ ಎರಡನೆಯ ವರ್ಗವು ಏರ್ಪಟ್ಟ ಮೇಲೆ, ಮೇಲಿನ ವರ್ಗದ ಕೊನೆಯವರಿಗೂ ಕೆಳಗಿನ ವರ್ಗದ ಮೊದಲಿನವರಿಗೂ ನಡುವೆ ಪರೀಕ್ಷಾ ಪಂದ್ಯಗಳನ್ನು ಏರ್ಪಡಿಸುವ ಪದ್ಧತಿ ಬಂದಿತು. ಇಂದಿನ ಪ್ಲೇ-ಆಫ್ ಪಂದ್ಯಗಳ ಪೂರ್ವಜವಿದು. ಆದರೆ 1898ನೆಯ ಏಪ್ರಿಲ್ 30ರಂದು ಒಂದು ವಿಚಿತ್ರವು ಸಂಭವಿಸಿತು. ಸ್ಟೋಕ್ ಮತ್ತು ಬರ್ನ್ಲಿ ಎಂಬ ಎರಡು ತಂಡಗಳಿಗೆ ಕೊನೆಯ ಪರೀಕ್ಷಾ ಪಂದ್ಯವು ಉಳಿದಿದ್ದಿತು. ಪಂದ್ಯವು ಸಮವಾದರೆ ಇಬ್ಬರಿಗೂ ಮೇಲಿನ ವರ್ಗ ದೊರೆಯುವಂತಿದ್ದಿತು. ಇಬ್ಬರೂ ಗೋಲಿನ ಕಡೆಗೆ ಹೋಗುವ ಶ್ರಮವನ್ನೇ ತೆಗೆದುಕೊಳ್ಳಲಿಲ್ಲ. ಪಂದ್ಯವು 0-0 ಎಂದು ಮುಗಿದು, ನೋಡಲು ಬಂದವರು ರೇಗಿದರು. ಲೀಗಿನ ಆಡಳಿತದವರು ಆ ಬೇಸಗೆಯಲ್ಲಿಯೇ ಪರೀಕ್ಷಾ ಪಂದ್ಯಗಳನ್ನು ರದ್ದುಮಾಡಿ, ಮುಂದಿನ ಋತುವಿನಿಂದ ಕೆಳಗಿನ ಇಬ್ಬರು ಇಳಿಯುವುದು, ಮೇಲಿನ ಇಬ್ಬರು ಏರುವುದು ಎಂದು ನಿಶ್ಚಯಿಸಿದರು. ಅರ್ಹತಾ ಪಂದ್ಯಗಳು ಅಲ್ಲಿ ಮತ್ತೆ ಕಾಣಿಸಿಕೊಂಡುದು 1987ರಲ್ಲಿ. ನಿಯಮವು ಪ್ರಾಮಾಣಿಕವಾಗಿ ಆಡುವವನಿಗೆ ಲಾಭವನ್ನು ತೋರದಿದ್ದರೆ, ಕೊನೆಯ ದಿನವೂ ಕಪಟನಾಟಕವಾಗಬಹುದೆಂಬ ಪಾಠವನ್ನು ಸ್ಟೋಕಿನ ಮೈದಾನವು ಅಂದೇ ಕಲಿಸಿದ್ದಿತು.

ಭಾರತದಲ್ಲಿ ಆಟವು ಬೇರೂರಿದುದು ಬಟ್ಟಲಿನ ಪಂದ್ಯಗಳ ಮೂಲಕ. ಶಿಮ್ಲೆಯ ಡ್ಯೂರಾಂಡ್ ಬಟ್ಟಲು 1888ರಲ್ಲಿಯೂ, ಮುಂಬಯಿಯ ರೋವರ್ಸ್ ಬಟ್ಟಲು 1891ರಲ್ಲಿಯೂ ಆರಂಭವಾದವು. ಬಹುಕಾಲ ಇವು ಆಂಗ್ಲ ಸೈನಿಕ ತಂಡಗಳ ಸ್ವತ್ತಾಗಿದ್ದವು. ರೋವರ್ಸ್ ಬಟ್ಟಲನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡವೆಂಬ ಕೀರ್ತಿಯು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಸಂದಿತು. ಮರುವರ್ಷವೂ ಅವರೇ ಗೆದ್ದರು. ಪ್ರಾಂತಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946-47, 1952-53, 1967-68 ಮತ್ತು 1968-69ನೆಯ ಸಾಲುಗಳಲ್ಲಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್ ಕೂಟದಲ್ಲಿ ಫ್ರಾನ್ಸಿಗೆ ಎದುರಾಗಿ ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನ ಆಟಗಾರರು. ಇಷ್ಟು ಸತ್ತ್ವವಿದ್ದರೂ, ವರ್ಷವಿಡೀ ಆಡಿ ಮೇಲೇರುವ ಮಾರ್ಗವೊಂದು ಇಡೀ ದೇಶಕ್ಕೆ ಇರಲಿಲ್ಲ. ಬೆಂಗಳೂರಿನ ಲೀಗಿನಲ್ಲಿ ಕೆಳವರ್ಗಗಳಿಂದ ಸೂಪರ್ ಡಿವಿಜನ್ನಿನವರೆಗೆ ಮೆಟ್ಟಿಲುಗಳಿದ್ದವು, ಅದರಾಚೆಗೆ ಏಣಿಯಿರಲಿಲ್ಲ.

ರಾಷ್ಟ್ರೀಯ ಲೀಗ್ ಸ್ಥಾಪಿತವಾದುದು 1996ರಲ್ಲಿ. ಮರುಸಾಲಿನಲ್ಲಿ ಅದಕ್ಕೆ ಎರಡನೆಯ ವರ್ಗವು ಸೇರಿತು. 2007ರಲ್ಲಿ ಅದು ಐ-ಲೀಗ್ ಎಂಬ ಹೆಸರನ್ನು ಪಡೆಯಿತು. ಬೆಂಗಳೂರಿನ ವಿಮಾನದ ಕಾರ್ಖಾನೆಯವರ ಎಚ್.ಎ.ಎಲ್. ತಂಡವು 2010ರಲ್ಲಿ ಎರಡನೆಯ ವರ್ಗದಿಂದ ಮೇಲೇರಿ, 2012ರಲ್ಲಿ ಕೆಳಗಿಳಿಯಿತು. ಏರಿದುದೂ ಆಟದಿಂದ, ಇಳಿದುದೂ ಆಟದಿಂದ; ಆದುದರಿಂದ ಅದರಲ್ಲಿ ನೋವಿದ್ದರೂ ಅವಮಾನವಿರಲಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತಂಡಕ್ಕಾದರೋ ನೇರವಾಗಿ ಮೇಲಿನ ವರ್ಗದಲ್ಲಿಯೇ ಪ್ರವೇಶ ದೊರೆಯಿತು. ಆ ತಂಡವು ಮೊದಲನೆಯ ವರ್ಷದಲ್ಲಿಯೇ ಲೀಗನ್ನು ಗೆದ್ದು ತನ್ನ ಯೋಗ್ಯತೆಯನ್ನು ತೋರಿಸಿತೆಂಬುದು ನಿಜ. ಎರಡನೆಯ ವರ್ಷದ ಕೊನೆಯ ಪಂದ್ಯ, ಎಂದರೆ 2015ನೆಯ ಮೇ 31ರಂದು, ಮೋಹನ್ ಬಗಾನಿಗೆ ಸಮ ಸಾಕು, ಬೆಂಗಳೂರಿಗೆ ಗೆಲುವೇ ಬೇಕು ಎಂಬ ಸಂದರ್ಭ. ಬೆಂಗಳೂರು ಮುಂದಿದ್ದಿತು. 87ನೆಯ ನಿಮಿಷದಲ್ಲಿ ಬೆಲ್ಲೋ ರಜಾಕ್ ತಲೆಯಿಂದ ಹೊಡೆದ ಚೆಂಡು ಪಂದ್ಯವನ್ನು 1-1 ಮಾಡಿ, ಪ್ರಶಸ್ತಿಯನ್ನು ಕಲ್ಕತ್ತೆಗೆ ಕೊಂಡೊಯ್ದಿತು. ಮರುವರ್ಷವೇ ಬೆಂಗಳೂರು ಅದನ್ನು ಹಿಂದಕ್ಕೆ ತಂದಿತು.

ಅಷ್ಟರಲ್ಲಿ 2014ರಿಂದ ಇಂಡಿಯನ್ ಸೂಪರ್ ಲೀಗ್ ಎಂಬ ಮತ್ತೊಂದು ಪಂದ್ಯಾವಳಿಯು ತಲೆಯೆತ್ತಿದ್ದಿತು. ಅದರಲ್ಲಿ ಸ್ಥಾನವು ಆಟದಿಂದ ಬರುವುದಾಗಿರಲಿಲ್ಲ. ಹಣವನ್ನು ತೆತ್ತು ಪಡೆಯುವುದಾಗಿದ್ದಿತು. 2017ರಲ್ಲಿ ಬೆಂಗಳೂರು ಎಫ್.ಸಿ. ಟೆಂಡರಿನ ಮೂಲಕವೇ ಅಲ್ಲಿಗೆ ಹೋಯಿತು. ಎರಡು ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದವರೂ ಬಾಗಿಲಲ್ಲಿ ಬೆಲೆ ಕೊಡಬೇಕಾಗಿ ಬಂದುದು ಚಿಂತನೀಯವಾದ ಸಂಗತಿ. ಐ-ಲೀಗಿನ ವಿಜೇತರಿಗೆ ಆಟದ ಬಲದಿಂದಲೇ ಮೇಲೇರುವ ಹಕ್ಕು ದೊರೆತುದು 2022-23ನೆಯ ಸಾಲಿನಲ್ಲಿ. ಪಂಜಾಬಿನ ತಂಡವು ಹಾಗೆ ಮೊದಲು ಏರಿತು.

ಈ ನಡುವೆ ಕೆಳಗಿನ ಮೆಟ್ಟಿಲುಗಳಲ್ಲಿ ಆಟದ ನಿಜವಾದ ರಸವು ಬತ್ತಿರಲಿಲ್ಲ. 2018ರ ಮೇ 30ರಂದು ಬೆಂಗಳೂರಿನಲ್ಲಿ ಎರಡನೆಯ ವರ್ಗದ ಅಂತಿಮ ಸುತ್ತಿನ ಕೊನೆಯ ಪಂದ್ಯವನ್ನು 3-2ರಿಂದ ಗೆದ್ದು, ಶ್ರೀನಗರದ ರಿಯಲ್ ಕಾಶ್ಮೀರ್ ತಂಡವು ಐ-ಲೀಗಿಗೆ ಏರಿತು. ಕಾಶ್ಮೀರದಿಂದ ಆ ವರ್ಗಕ್ಕೆ ಬಂದ ಮೊದಲ ತಂಡವದು. ಅದೇ ಸುತ್ತಿನಲ್ಲಿ ಆಡಿದ ಬೆಂಗಳೂರಿನ ಓಜೋನ್ ತಂಡಕ್ಕೆ ಆ ಭಾಗ್ಯವು ದೊರೆಯಲಿಲ್ಲ. 2024ರಲ್ಲಿ ಎಸ್.ಸಿ. ಬೆಂಗಳೂರು ಎಂಬ ತಂಡವು ಕೆಳವರ್ಗವನ್ನು ಗೆದ್ದು ಐ-ಲೀಗಿಗೆ ಏರಿ, ಒಂದೇ ವರ್ಷದಲ್ಲಿ ಇಳಿಯಿತು. ಅದೇ 2024-25ನೆಯ ಸಾಲಿನಲ್ಲಿ ಐ-ಲೀಗಿನ ಕೊನೆಯ ದಿನವು ಏಪ್ರಿಲ್ 6ರಂದು ಮೈದಾನದಲ್ಲಿ ಮುಗಿದರೂ, ವಿಜೇತರು ಯಾರೆಂಬ ವ್ಯಾಜ್ಯವು ಸ್ವಿಟ್ಸರ್ಲೆಂಡಿನ ಲೋಸಾನ್ ನಗರದಲ್ಲಿರುವ ಕ್ರೀಡಾ ನ್ಯಾಯಾಲಯದವರೆಗೆ ಹೋಯಿತು. ಗೋವೆಯ ಚರ್ಚಿಲ್ ಬ್ರದರ್ಸ್ ತಂಡಕ್ಕೆ ಘೋಷಿತವಾಗಿದ್ದ ಪ್ರಶಸ್ತಿಯು ಜುಲೈ 18ರಂದು ಕಾಶಿಯ ಇಂಟರ್ ಕಾಶಿ ತಂಡಕ್ಕೆ ಸೇರತಕ್ಕದ್ದೆಂದು ತೀರ್ಪಾಯಿತು. ನಿಯಮವನ್ನು ಕಾಯಬೇಕಾದವರು ಕಾಲಕ್ಕೆ ಸರಿಯಾಗಿ ಕಾಯದಿದ್ದರೆ, ಕೊನೆಯ ದಿನವು ನೂರು ದಿನಗಳ ಆಚೆಗೂ ಎಳೆಯುವುದು.

ಕೋಲಾರ ಸೀಮೆಯ ಜನರಿಗೆ ಏರುವುದೂ ಇಳಿಯುವುದೂ ಹೊಸ ಮಾತಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಚಿನ್ನದ ಗಣಿಗಳನ್ನು ಕೈಗೊಂಡಂದಿನಿಂದ 2001ರ ಫೆಬ್ರವರಿ 28ರಂದು ಅವು ಮುಚ್ಚುವವರೆಗೆ, ತಲೆಮಾರುಗಳ ಕಾರ್ಮಿಕರು ಪಾಳಿಪಾಳಿಯಾಗಿ ನೆಲದಡಿಗೆ ಇಳಿದು ಮೇಲಕ್ಕೆ ಬಂದರು. ಆಂಗ್ಲರು ತಂದ ಕಾಲ್ಚೆಂಡು ಆ ಗಣಿಯ ಊರುಗಳ ಬೀದಿಗಳಲ್ಲಿ ಉಳಿದುಕೊಂಡಿತು. ಕಾರ್ಖಾನೆಯ ತಂಡವಾಗಲಿ, ಗಣಿಯ ತಂಡವಾಗಲಿ, ಆಶ್ರಯವಾದ ಉದ್ಯಮವಿರುವವರೆಗೆ ಬಾಳುವುದು. ಸೋಪಾನಕ್ರಮವು ಮಾತ್ರ ಯಾವ ಉದ್ಯಮವನ್ನೂ ನೆಚ್ಚಿದ್ದಲ್ಲ. ಅದು ಮಾಲೂರಿನ ಹುಡುಗನಿಗೂ ಶ್ರೀನಿವಾಸಪುರದ ಹುಡುಗನಿಗೂ ಹೇಳುವುದು ಒಂದೇ ಮಾತು: ಕೆಳಗಿನ ವರ್ಗದಲ್ಲಿ ಗೆದ್ದರೆ ಮೇಲಿನದು ನಿನ್ನದು, ಅಲ್ಲಿ ಸೋತರೆ ಸ್ಥಾನವನ್ನು ಇನ್ನೊಬ್ಬನಿಗೆ ಬಿಟ್ಟುಕೊಡಬೇಕು. ಈ ಮಾತಿನ ಎರಡನೆಯ ಭಾಗವನ್ನು ತೆಗೆದುಹಾಕಿದರೆ ಮೊದಲನೆಯ ಭಾಗವೂ ನಿಲ್ಲಲಾರದು. ಏತಕ್ಕೆಂದರೆ, ಮೇಲಿರುವವನು ಇಳಿಯದೆ ಕೆಳಗಿರುವವನಿಗೆ ಎಡೆ ಎಲ್ಲಿಯದು?

ಮುಳಬಾಗಿಲು ಎಂಬ ಹೆಸರು ಮೂಡಲ ಬಾಗಿಲು ಎಂಬುದರಿಂದ ಬಂದಿತೆನ್ನುವರು. ಬಾಗಿಲೆಂಬುದು ಒಳಬರುವವರಿಗೂ ಹೊರಹೋಗುವವರಿಗೂ ಒಂದೇ. ಒಂದೇ ಕಡೆಗೆ ತೆರೆಯುವುದಾದರೆ ಅದು ಬಾಗಿಲಾಗದು, ಬಲೆಯಾದೀತು. 2023ರ ಫೆಬ್ರವರಿಯಲ್ಲಿ ಗೋವೆಯವರು ಕಂಠೀರವ ಕ್ರೀಡಾಂಗಣದಿಂದ ತಲೆತಗ್ಗಿಸಿ ಹೊರನಡೆದರು. ಆದರೆ ತಮಗೇತಕ್ಕೆ ಬಾಗಿಲು ಮುಚ್ಚಿತೆಂಬುದು ಅವರಲ್ಲಿ ಪ್ರತಿಯೊಬ್ಬನಿಗೂ ತಿಳಿದಿದ್ದಿತು: ಮೂರು ಅಂಕಗಳು ಕಡಿಮೆಯಾದವು. ಲೀಗಿನ ನ್ಯಾಯವೆಂದರೆ ಇಷ್ಟೆ. ಅದನ್ನು ಪಟ್ಟಿಯ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ದೊಡ್ಡ ನಗರದಿಂದ ತಾಲ್ಲೂಕಿನ ಮೈದಾನದವರೆಗೆ ಒಂದೇ ಸಮನಾಗಿ ನಡೆಸುವುದು ಆಟವನ್ನು ಆಳುವವರ ಕರ್ತವ್ಯ.